ಗ್ರೀಸ್ ದ್ವೀಪಗಳಿಗೆ ಅಧ್ಯಯನ ಪ್ರವಾಸ: ಕಾಲೇಜು ತಂಡಕ್ಕೊಂದು ಸಮಗ್ರ ಮಾರ್ಗದರ್ಶಿ

ಕಾಲೇಜಿನಿಂದ ಗ್ರೀಸ್‌ಗೆ ತಂಡ ಹೊರಡುತ್ತದೆ ಅಂದ ಕೂಡಲೇ ಎಲ್ಲರೂ ನಕ್ಷೆ ಹರಡಿಕೊಂಡು ದ್ವೀಪ ಆರಿಸಲು ಕೂರುತ್ತಾರೆ. ಒಬ್ಬರಿಗೆ ಸ್ಯಾಂಟೊರಿನಿ ಬೇಕು, ಇನ್ನೊಬ್ಬರಿಗೆ ಮೈಕೊನೊಸ್, ಮತ್ತೊಬ್ಬರಿಗೆ ರೋಡ್ಸ್. ಪಟ್ಟಿಯಲ್ಲಿ ಏಳೆಂಟು ದ್ವೀಪ ಸೇರಿಕೊಳ್ಳುತ್ತವೆ. ಹಾಗೆ ಹೋದ ತಂಡ ಅರ್ಧ ಪ್ರವಾಸವನ್ನು ಬಂದರಿನಲ್ಲಿ ಬ್ಯಾಗ್ ಎಳೆಯುತ್ತಾ ಕಳೆಯುತ್ತದೆ. ದ್ವೀಪ ಆಮೇಲೆ ಆರಿಸೋಣ. ಮೊದಲು ಒಂದು ಪ್ರಶ್ನೆ ಆರಿಸಿ. ಈ ಬರಹದ ಉಳಿದ ಸಲಹೆಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಪ್ರಶ್ನೆ ಹೇಗಿರಬೇಕು

ಇಡೀ ತಂಡ ಪ್ರತಿ ಜಾಗದಲ್ಲೂ ಕೇಳಬಹುದಾದ, ಕಣ್ಣಿಂದ ನೋಡಿಯೇ ಉತ್ತರ ಹುಡುಕಬಹುದಾದ ಪ್ರಶ್ನೆ ಬೇಕು. ‘ಗ್ರೀಕ್ ನಾಗರಿಕತೆಯ ಮಹತ್ವ’ ಎನ್ನುವುದು ಪ್ರಶ್ನೆಯೇ ಅಲ್ಲ. ನಾನು ಶಿಫಾರಸು ಮಾಡುವುದು ನೀರಿನ ಪ್ರಶ್ನೆಯನ್ನು. ಏಜಿಯನ್ ಸಮುದ್ರದ ನಡುವಿನ ಸೈಕ್ಲೇಡ್ಸ್ ದ್ವೀಪಗಳಲ್ಲಿ ಮಳೆ ಕಡಿಮೆ. ಬರುವುದೂ ಬಹುಪಾಲು ಚಳಿಗಾಲದಲ್ಲಿ. ಬೇಸಿಗೆ ಪೂರ್ತಿ ಒಣ. ಇಂಥ ಕಲ್ಲುಗುಡ್ಡಗಳ ಮೇಲೆ ಸಾವಿರಾರು ವರ್ಷಗಳ ಹಿಂದೆ ದೊಡ್ಡ ಊರುಗಳು ಬೆಳೆದವು. ಅವರಿಗೆ ನೀರು ಎಲ್ಲಿಂದ ಬಂತು? ಎಲ್ಲಿ ಕೂಡಿಟ್ಟರು? ಬಳಸಿದ ನೀರು ಎಲ್ಲಿಗೆ ಹೋಯಿತು?

ಇತಿಹಾಸದ ವಿದ್ಯಾರ್ಥಿಗೂ ಇದು ಹಿಡಿಸುತ್ತದೆ, ಸಿವಿಲ್ ಇಂಜಿನಿಯರಿಂಗ್‌ನವರಿಗೂ ಹಿಡಿಸುತ್ತದೆ. ಭೂಗೋಳ, ಸಸ್ಯಶಾಸ್ತ್ರದವರಿಗೂ ಕೆಲಸ ಇದೆ. ಕೆರೆ, ಕಲ್ಯಾಣಿ, ಹೊಂಡ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಈ ಕಣ್ಣು ಆಗಲೇ ಇರುತ್ತದೆ.

ನಿಮ್ಮ ವಿಭಾಗ ಬೇರೆಯಾದರೆ ಪ್ರಶ್ನೆಯೂ ದಾರಿಯೂ ಬೇರೆಯಾಗಲಿ. ವೈದ್ಯಕೀಯದವರು ಹಿಪೊಕ್ರೆಟಿಸ್‌ನ ಊರಾದ ಕೋಸ್ ದ್ವೀಪಕ್ಕೆ ಹೋಗಬಹುದು. ಅಲ್ಲಿ ಅಸ್ಕ್ಲೆಪಿಯೊನ್ ಎಂಬ ಹಳೆಯ ಚಿಕಿತ್ಸಾ ಕ್ಷೇತ್ರ ಇದೆ. ಮಧ್ಯಯುಗ ಓದುವವರಿಗೆ ರೋಡ್ಸ್ ಕೋಟೆ. 1309ರಿಂದ 1522ರವರೆಗೆ ಅದು ಸೇಂಟ್ ಜಾನ್ ಪಂಥದ ಯೋಧರ ಕೈಯಲ್ಲಿತ್ತು. ಬರೀ ಇಂಜಿನಿಯರ್‌ಗಳ ತಂಡವಾದರೆ ಸಾಮೊಸ್‌ಗೆ ಹೋಗಿ. ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ ಯೂಪಲಿನೊಸ್ ಎಂಬಾತ ನೀರು ತರಲು ಬೆಟ್ಟವನ್ನು ಎರಡೂ ತುದಿಯಿಂದ ಕೊರೆಸಿ 1,036 ಮೀಟರ್ ಸುರಂಗ ಮಾಡಿಸಿದ. ಎರಡೂ ಕಡೆಯವರು ನಡುವೆ ಬಂದು ಕೂಡಿಕೊಂಡರು. ಆ ಕಾಲದ ರೇಖಾಗಣಿತದ ಬಗ್ಗೆ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ದಾರಿ: ಅಥೆನ್ಸ್, ನಕ್ಸೊಸ್, ಡೆಲೊಸ್, ಸ್ಯಾಂಟೊರಿನಿ, ಕ್ರೀಟ್

ನೀರಿನ ಪ್ರಶ್ನೆ ಇಟ್ಟುಕೊಂಡರೆ ಈ ದಾರಿ ಚೆನ್ನಾಗಿ ಕೂಡಿ ಬರುತ್ತದೆ. ಅಥೆನ್ಸ್‌ನಲ್ಲಿ ಇಳಿದು ಒಂದು ದಿನ ಸುಧಾರಿಸಿಕೊಳ್ಳಿ. ಪಿರೇಯಸ್ ಬಂದರಿನಿಂದ ನಕ್ಸೊಸ್‌ಗೆ ದೊಡ್ಡ ಫೆರಿಯಲ್ಲಿ ಐದೂವರೆ ಗಂಟೆಯ ಆಸುಪಾಸು. ನಕ್ಸೊಸ್‌ನಲ್ಲಿ ಮೂರು ರಾತ್ರಿ ಉಳಿಯಿರಿ. ಪ್ರವಾಸಿ ಕಾಲದಲ್ಲಿ ಅಲ್ಲಿಂದಲೇ ಹಳೆಯ ಊರಿನ ಅವಶೇಷಗಳಿರುವ ಪುಟ್ಟ ದ್ವೀಪ ಡೆಲೊಸ್‌ಗೆ ದಿನದ ದೋಣಿಗಳು ಹೊರಡುತ್ತವೆ. ಡೆಲೊಸ್‌ಗೆ ಹತ್ತಿರದ ಮೈಕೊನೊಸ್‌ನಲ್ಲಿ ಕೋಣೆ ಬಾಡಿಗೆ ಬಹಳ ಜಾಸ್ತಿ, ವಿದ್ಯಾರ್ಥಿ ತಂಡಕ್ಕೆ ಅದು ಬೇಡ. ನಕ್ಸೊಸ್‌ನಿಂದ ಸ್ಯಾಂಟೊರಿನಿ ಸುಮಾರು ಎರಡು ಗಂಟೆ. ಅಲ್ಲಿ ಮೂರು ರಾತ್ರಿ. ಅಲ್ಲಿಂದ ಕ್ರೀಟ್‌ನ ಹೆರಾಕ್ಲಿಯೊನ್‌ಗೆ ಪ್ರವಾಸಿ ಕಾಲದಲ್ಲಿ ವೇಗದ ಹಡಗುಗಳಿವೆ, ಸುಮಾರು ಎರಡು ಗಂಟೆ. ಅಲ್ಲಿ ಎರಡು ರಾತ್ರಿ. ವಾಪಸ್ ಬರಲು ಹೆರಾಕ್ಲಿಯೊನ್‌ನಿಂದ ಪಿರೇಯಸ್‌ಗೆ ರಾತ್ರಿ ಹಡಗು. ಒಂದು ಹೋಟೆಲ್ ಬಾಡಿಗೆಯೂ ಉಳಿಯುತ್ತದೆ.

ಕೊನೆಗೆ ಅಥೆನ್ಸ್‌ನಲ್ಲಿ ಎರಡು ರಾತ್ರಿ ಕಡ್ಡಾಯವಾಗಿ ಇಟ್ಟುಕೊಳ್ಳಿ. ದ್ವೀಪದಿಂದ ಬಂದ ದಿನವೇ ಭಾರತದ ವಿಮಾನ ಹಿಡಿಯುವ ಯೋಜನೆ ಹಾಕಲೇಬೇಡಿ. ಗಾಳಿ ಎದ್ದರೆ, ಮುಷ್ಕರ ಶುರುವಾದರೆ ಹಡಗು ಹೊರಡುವುದಿಲ್ಲ. ತಂಡದ ಅಷ್ಟೂ ವಿಮಾನ ಟಿಕೆಟ್ ಒಟ್ಟಿಗೆ ಹಾಳಾಗುತ್ತವೆ.

ಡೆಲೊಸ್‌ಗಿಂತ ಮೊದಲು ನಕ್ಸೊಸ್ ಯಾಕೆ? ಡೆಲೊಸ್‌ನಲ್ಲಿ ನಿಂತಿರುವ ಎಷ್ಟೋ ಶಿಲ್ಪಗಳ ಕಲ್ಲು ನಕ್ಸೊಸ್‌ನ ಬೆಟ್ಟದಿಂದ ಹೋದದ್ದು. ಕಲ್ಲು ಹುಟ್ಟಿದ ಜಾಗ ನೋಡಿ, ಆಮೇಲೆ ಅದು ಸೇರಿದ ಜಾಗ ನೋಡಿದರೆ ಮಕ್ಕಳಿಗೆ ಸಂಬಂಧ ತಾನಾಗಿಯೇ ಹೊಳೆಯುತ್ತದೆ.

ಯಾವಾಗ ಹೋಗಬೇಕು

ಏಪ್ರಿಲ್ ಕೊನೆಯಿಂದ ಮೇ ಕೊನೆವರೆಗೆ, ಇಲ್ಲವೇ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲರ್ಧ. ಜುಲೈ, ಆಗಸ್ಟ್ ಬೇಡವೇ ಬೇಡ. ಆಗ ಬಿಸಿಲು, ಜನಸಂದಣಿ, ಬೆಲೆ ಮೂರೂ ಏರಿರುತ್ತವೆ. ಜೊತೆಗೆ ಉತ್ತರದಿಂದ ಮೆಲ್ಟೆಮಿ ಎಂಬ ಬಲವಾದ ಗಾಳಿ ದಿನಗಟ್ಟಲೆ ಬೀಸುತ್ತದೆ. ವಿಪರೀತ ಬಿಸಿಲಿನ ದಿನಗಳಲ್ಲಿ ಸರ್ಕಾರ ಪುರಾತತ್ವ ಸ್ಥಳಗಳನ್ನು ಮಧ್ಯಾಹ್ನ ಮುಚ್ಚಿಸುವುದೂ ಉಂಟು. ಚಳಿಗಾಲದಲ್ಲಿ ಸಣ್ಣ ದೋಣಿಗಳು ನಿಂತಿರುತ್ತವೆ, ಡೆಲೊಸ್ ನೋಡುವುದು ಕಷ್ಟ.

ಏಪ್ರಿಲ್, ಮೇನಲ್ಲಿ ಹೋಗುವವರು ಆರ್ಥೊಡಾಕ್ಸ್ ಈಸ್ಟರ್ ದಿನಾಂಕ ನೋಡಿಕೊಳ್ಳಬೇಕು. ನಮ್ಮ ಕ್ಯಾಲೆಂಡರ್‌ನಲ್ಲಿರುವ ಈಸ್ಟರ್‌ಗೂ ಅದಕ್ಕೂ ಸಾಮಾನ್ಯವಾಗಿ ತಾಳೆ ಆಗುವುದಿಲ್ಲ. 2027ರಲ್ಲಿ ಅದು ಮೇ 2ಕ್ಕೆ ಬೀಳುತ್ತದೆ. ಈಸ್ಟರ್ ಭಾನುವಾರ ಸರ್ಕಾರಿ ಸ್ಥಳಗಳೆಲ್ಲ ಮುಚ್ಚಿರುತ್ತವೆ, ಸಾಮಾನ್ಯವಾಗಿ ಮೇ 1ರಂದೂ ಮುಚ್ಚಿರುತ್ತವೆ. ಆ ವಾರ ಊರಿಗೆ ಹೋಗುವವರಿಂದ ಹಡಗುಗಳೂ ತುಂಬಿರುತ್ತವೆ. ಇದಲ್ಲದೆ ಹಲವು ಮ್ಯೂಸಿಯಂಗಳಿಗೆ ಮಂಗಳವಾರ ರಜೆ. ದಿನದ ಪಟ್ಟಿ ಹಾಕುವಾಗ ಪ್ರತಿ ಜಾಗದ ವಾರದ ರಜೆಯನ್ನು ಪಕ್ಕದಲ್ಲೇ ಬರೆದಿಡಿ.

ತಂಡ ಮತ್ತು ದುಡ್ಡು

ಇಪ್ಪತ್ತರ ಆಸುಪಾಸು ವಿದ್ಯಾರ್ಥಿಗಳು ಸಾಕು. ಅದಕ್ಕಿಂತ ಜಾಸ್ತಿಯಾದರೆ ಸಣ್ಣ ಜಾಗಗಳಲ್ಲಿ ಹಿಂದೆ ನಿಂತವರಿಗೆ ಏನೂ ಕೇಳಿಸುವುದಿಲ್ಲ. ಜೊತೆಗೆ ಇಬ್ಬರಾದರೂ ಅಧ್ಯಾಪಕರು, ಅವರಲ್ಲಿ ಒಬ್ಬರು ಮಹಿಳೆ. ವಿದ್ಯಾರ್ಥಿಗಳನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿ ಕೆಲಸ ಹಂಚಿ. ಒಂದು ಗುಂಪಿಗೆ ಟಿಕೆಟ್, ಇನ್ನೊಂದಕ್ಕೆ ಲೆಕ್ಕ, ಇನ್ನೊಂದಕ್ಕೆ ಔಷಧಿ ಪೆಟ್ಟಿಗೆ, ಮತ್ತೊಂದಕ್ಕೆ ತಲೆ ಎಣಿಕೆ. ತಲೆ ಎಣಿಕೆಯನ್ನು ಹಗುರವಾಗಿ ನೋಡಬೇಡಿ. ಹಡಗು ಇಳಿಯುವಾಗ ಅದೇ ಎಲ್ಲಕ್ಕಿಂತ ಮುಖ್ಯ.

ಏಜೆನ್ಸಿಯ ಮೂಲಕ ಪ್ಯಾಕೇಜ್ ತೆಗೆದುಕೊಂಡರೆ ಟಿಸಿಎಸ್ (ಏಜೆನ್ಸಿ ಮುಂಗಡವಾಗಿ ವಸೂಲು ಮಾಡುವ ತೆರಿಗೆ) ಸೇರುತ್ತದೆ. ದುಡ್ಡು ಯಾರ ಪ್ಯಾನ್ ಹೆಸರಲ್ಲಿ ಹೋಗುತ್ತದೋ ಅವರು ಆದಾಯ ತೆರಿಗೆ ರಿಟರ್ನ್‌ನಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಪೋಷಕರಿಗೆ ಇದನ್ನು ಮೊದಲ ಸಭೆಯಲ್ಲೇ ಹೇಳಿಬಿಡಿ. ಗ್ರೀಸ್‌ನಲ್ಲಿ ಹೋಟೆಲ್ ಬಾಡಿಗೆಯ ಮೇಲೆ ಕೋಣೆಗೆ, ರಾತ್ರಿಗೆ ಇಷ್ಟು ಅಂತ ಒಂದು ಸರ್ಕಾರಿ ಶುಲ್ಕ ಇದೆ. ಅದನ್ನು ಸಾಮಾನ್ಯವಾಗಿ ಅಲ್ಲೇ ಕೌಂಟರ್‌ನಲ್ಲಿ ಕಟ್ಟಬೇಕು, ಆನ್‌ಲೈನ್ ಬುಕಿಂಗ್ ದರದಲ್ಲಿ ಎಷ್ಟೋ ಸಲ ಕಾಣಿಸುವುದಿಲ್ಲ. ಒಟ್ಟು ಖರ್ಚಿನ ಹತ್ತನೇ ಒಂದು ಭಾಗವನ್ನು ತುರ್ತಿಗೆ ಅಂತ ಮುಟ್ಟದೆ ಇಡಿ.

ವೀಸಾ: ಆರು ತಿಂಗಳ ಮೊದಲೇ ಶುರು

ಗ್ರೀಸ್ ಷೆಂಗೆನ್ ದೇಶ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಿನಲ್ಲಿದೆ. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಕಡಿಮೆ ಅವಧಿಯ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ಹದಿನೈದು ದಿನಕ್ಕಿಂತ ಕಡಿಮೆ ಉಳಿದಿದ್ದರೆ ಆಗುವುದಿಲ್ಲ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವು ಸಲ 45 ದಿನದವರೆಗೂ ಹೋಗಬಹುದು. ತಂಡವಾದರೂ ಪ್ರತಿಯೊಬ್ಬರದೂ ಬೇರೆ ಬೇರೆ ಅರ್ಜಿ. ಬೆರಳಚ್ಚು ಕೊಡಲು ಪ್ರತಿಯೊಬ್ಬರೂ ಹೋಗಬೇಕು. ಹಿಂದಿನ ಐದು ವರ್ಷದಲ್ಲಿ ಷೆಂಗೆನ್ ವೀಸಾಕ್ಕೆ ಬೆರಳಚ್ಚು ಕೊಟ್ಟವರದನ್ನು ಮತ್ತೆ ಬಳಸಿಕೊಳ್ಳುವ ಅವಕಾಶ ಇದೆ.

ಬಹಳ ಕಾಲೇಜುಗಳು ಗಮನಿಸದ ಒಂದು ವಿಷಯ ಹೇಳುತ್ತೇನೆ. ವಯಸ್ಕರಿಗೆ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೊ. ಆದರೆ ಷೆಂಗೆನ್ ವೀಸಾ ನಿಯಮಾವಳಿಯ ಪ್ರಕಾರ, ಅಧ್ಯಯನಕ್ಕಾಗಿ ಅಥವಾ ಶೈಕ್ಷಣಿಕ ತರಬೇತಿಗಾಗಿ ಹೋಗುವ ವಿದ್ಯಾರ್ಥಿಗಳಿಗೂ ಅವರ ಜೊತೆ ಹೋಗುವ ಅಧ್ಯಾಪಕರಿಗೂ ಈ ಶುಲ್ಕ ಇಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಮಾತ್ರ ಬೇರೆ. ಈ ವಿನಾಯಿತಿ ಸಿಗಬೇಕಾದರೆ ಪ್ರವಾಸ ನಿಜಕ್ಕೂ ಅಧ್ಯಯನದ್ದು ಅಂತ ಕಾಗದದಲ್ಲಿ ಕಾಣಬೇಕು. ಪ್ರಾಂಶುಪಾಲರ ಪತ್ರದಲ್ಲಿ ‘ಟೂರ್’ ಅಂತ ಬರೆದು ಬಿಟ್ಟರೆ ಕೇಳುವ ಹಕ್ಕೇ ದುರ್ಬಲವಾಗುತ್ತದೆ. ಕೋರ್ಸ್ ಹೆಸರು, ಅಧ್ಯಯನದ ಪ್ರಶ್ನೆ, ದಿನದಿನದ ಪಾಠದ ಪಟ್ಟಿ, ಬಂದ ಮೇಲೆ ಸಲ್ಲಿಸಬೇಕಾದ ವರದಿ ಇಷ್ಟೂ ಆ ಪತ್ರದಲ್ಲಿರಲಿ. ಅರ್ಜಿ ಕೊಡುವ ಮೊದಲೇ ಗ್ರೀಸ್ ರಾಯಭಾರ ಕಚೇರಿಗೆ ಇಮೇಲ್‌ನಲ್ಲಿ ಕೇಳಿ, ಉತ್ತರದ ಪ್ರತಿ ಇಟ್ಟುಕೊಳ್ಳಿ.

ಪ್ರತಿ ವಿದ್ಯಾರ್ಥಿಯ ಕಡತದಲ್ಲಿ ಇರಬೇಕಾದ್ದು:

- ಪಾಸ್‌ಪೋರ್ಟ್. ಹತ್ತು ವರ್ಷದೊಳಗೆ ಕೊಟ್ಟಿದ್ದು, ವಾಪಸ್ ಬಂದ ಮೇಲೂ ಮೂರು ತಿಂಗಳು ಅವಧಿ ಇರುವಂಥದ್ದು, ಎರಡು ಖಾಲಿ ಪುಟ
- ಕಾಲೇಜಿನ ಬೋನಫೈಡ್ ಪ್ರಮಾಣಪತ್ರ, ಎನ್‌ಒಸಿ
- ಖರ್ಚು ಭರಿಸುವ ಪೋಷಕರ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್
- ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ
- ವಿಮಾನ, ಹೋಟೆಲ್, ಫೆರಿ ಬುಕಿಂಗ್‌ಗಳು, ದಿನಾಂಕ ಒಂದಕ್ಕೊಂದು ತಾಳೆಯಾಗುವಂತೆ
- 18 ತುಂಬದವರಿಗೆ ತಂದೆ ತಾಯಿ ಇಬ್ಬರ ಒಪ್ಪಿಗೆ ಪತ್ರ

ವಿಮೆ ಕೊಳ್ಳುವಾಗ ಹಡಗು ರದ್ದಾಗಿ ಉಳಿದುಕೊಳ್ಳಬೇಕಾಗಿ ಬಂದರೆ ಆ ಖರ್ಚನ್ನು ಕೊಡುತ್ತಾರಾ ಅಂತ ಕೇಳಿ. ಕಡಿಮೆ ದರದ ಪಾಲಿಸಿಗಳಲ್ಲಿ ಇದು ಇರುವುದು ಅಪರೂಪ. ಅಥೆನ್ಸ್‌ನಲ್ಲಿ ಇಳಿದಾಗ ಷೆಂಗೆನ್ ಗಡಿಯ ಹೊಸ ಪದ್ಧತಿಯಲ್ಲಿ ಫೋಟೊ, ಬೆರಳಚ್ಚು ತೆಗೆಯುವುದರಿಂದ ಇಡೀ ತಂಡ ಹೊರಬರಲು ಸಮಯ ಹಿಡಿಯುತ್ತದೆ. ಅಂದೇ ಹಡಗು ಬುಕ್ ಮಾಡಬೇಡಿ.

ಹೊರಡುವ ಮೊದಲು ಒಂದು ದಿನ ಚಿತ್ರದುರ್ಗಕ್ಕೆ

ತರಗತಿಯಲ್ಲಿ ಪಿಪಿಟಿ ತೋರಿಸುವುದಕ್ಕಿಂತ ಇದು ಎಷ್ಟೋ ಮೇಲು. ಚಿತ್ರದುರ್ಗದ ಕೋಟೆ ಒಣ ಬಂಡೆಗಳ ನಡುವೆ ಇದೆ. ಅಲ್ಲಿ ಮಳೆ ನೀರನ್ನು ಹೊಂಡದಿಂದ ಹೊಂಡಕ್ಕೆ ಇಳಿಸಿ ಕೂಡಿಟ್ಟಿದ್ದಾರೆ. ಗೋಪಾಲಸ್ವಾಮಿ ಹೊಂಡದಿಂದ ಶುರು ಮಾಡಿ ಅಕ್ಕ-ತಂಗಿ ಹೊಂಡದ ಕಡೆ ಇಳಿಯುತ್ತಾ ನೀರಿನ ದಾರಿಯನ್ನು ಮಕ್ಕಳಿಂದ ನಕ್ಷೆ ಬರೆಸಿ. ಫೋಟೊ ಬೇಡ, ಪೆನ್ಸಿಲ್ ಮತ್ತು ಹಾಳೆ ಮಾತ್ರ. ಬಂಡೆಯ ಇಳಿಜಾರು ಎತ್ತ ಇದೆ, ಕೋಡಿ ಎಲ್ಲಿದೆ ಅಂತ ನೋಡುವುದು ಕೈಗೆ ಹತ್ತಬೇಕು. ಡೆಲೊಸ್‌ನಲ್ಲಿ ಮಾಡುವುದೂ ಇದೇ ಕೆಲಸ.

ಪಕ್ಕದಲ್ಲೇ ಚಂದ್ರವಳ್ಳಿ. ಅಲ್ಲಿನ ಉತ್ಖನನಗಳಲ್ಲಿ ಶಾತವಾಹನರ ಕಾಲದ ವಸ್ತುಗಳ ಜೊತೆ ರೋಮನ್ ನಾಣ್ಯಗಳು ಸಿಕ್ಕಿವೆ. ಪುದುಚೇರಿಯ ಹತ್ತಿರದ ಅರಿಕಮೇಡುವಿನಲ್ಲಿ ಕೋಸ್ ದ್ವೀಪದ ಮಾದರಿಯ ವೈನ್ ಜಾಡಿಗಳ ಚೂರುಗಳು ಸಿಕ್ಕಿವೆ. ನಮ್ಮ ನೆಲಕ್ಕೂ ಆ ಸಮುದ್ರಕ್ಕೂ ಹೋಗಿ ಬರುವ ವ್ಯವಹಾರ ಇತ್ತು ಅನ್ನುವುದು ಮಕ್ಕಳಿಗೆ ಹೊರಡುವ ಮೊದಲೇ ಗೊತ್ತಿದ್ದರೆ ಒಳ್ಳೆಯದು ಅಲ್ವಾ?

ಹಡಗಿನ ವಿಚಾರ

ಪಿರೇಯಸ್ ಬಹಳ ದೊಡ್ಡ ಬಂದರು. ಗೇಟುಗಳಿಗೆ ‘ಇ’ ಅಕ್ಷರದ ಜೊತೆ ಸಂಖ್ಯೆ ಇರುತ್ತದೆ. ಮೆಟ್ರೊ ಇಳಿದ ಕೂಡಲೇ ಹಡಗು ಎದುರಿಗಿರುತ್ತದೆ ಅಂದುಕೊಳ್ಳಬೇಡಿ. ಕೆಲವು ಗೇಟುಗಳು ನಡೆಯಲಾರದಷ್ಟು ದೂರ. ಹಿಂದಿನ ದಿನವೇ ಗೇಟು ಖಚಿತ ಮಾಡಿಕೊಂಡು, ಹೊರಡುವ ಒಂದು ಗಂಟೆ ಮೊದಲು ಅಲ್ಲಿರಿ. ಟಿಕೆಟ್‌ನಲ್ಲಿನ ಹೆಸರು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇರಲಿ. ನಮ್ಮ ಇನಿಶಿಯಲ್ ಪದ್ಧತಿಯಿಂದ ಇಲ್ಲಿ ಗೊಂದಲ ಆಗುವುದು ಜಾಸ್ತಿ.

ಒಂದೇ ದಾರಿಗೆ ದೊಡ್ಡ ಫೆರಿಯೂ ಇರುತ್ತದೆ, ಜೋಡಿ ಒಡಲಿನ ವೇಗದ ಹಡಗು ಕ್ಯಾಟಮರಾನ್ ಕೂಡ ಇರುತ್ತದೆ. ಆಯ್ಕೆ ಇರುವ ಕಡೆಯೆಲ್ಲ ದೊಡ್ಡದನ್ನೇ ಹಿಡಿಯಿರಿ. ಟಿಕೆಟ್ ಅಗ್ಗ, ಡೆಕ್ ಮೇಲೆ ಓಡಾಡಬಹುದು, ಗಾಳಿಗೆ ಅಷ್ಟು ಬೇಗ ರದ್ದಾಗುವುದಿಲ್ಲ, ವಾಂತಿಯೂ ಕಡಿಮೆ. ದ್ವೀಪಗಳು ಒಂದೊಂದಾಗಿ ಹಾದು ಹೋಗುವುದನ್ನು ನಕ್ಷೆ ಹಿಡಿದು ಗುರುತಿಸುವುದೇ ಒಂದು ಪಾಠ.

ಬ್ಯಾಗುಗಳನ್ನು ಕೆಳಗಿನ ವಾಹನಗಳ ಅಂತಸ್ತಿನಲ್ಲಿ ಇಡಬೇಕು. ದ್ವೀಪದ ಹೆಸರು ಬರೆದ ಕಪಾಟುಗಳಿರುತ್ತವೆ. ಪಾಸ್‌ಪೋರ್ಟ್, ದುಡ್ಡು, ಔಷಧಿ ಮಾತ್ರ ಮೈಮೇಲೇ ಇರಲಿ. ನಡುವಿನ ದ್ವೀಪಗಳಲ್ಲಿ ಹಡಗು ನಿಲ್ಲುವುದು ಕೆಲವೇ ನಿಮಿಷ. ಘೋಷಣೆ ಕೇಳಿದ ಕೂಡಲೇ ಇಡೀ ತಂಡ ಕೆಳಗಿಳಿದು ಬ್ಯಾಗ್ ಹಿಡಿದು ನಿಂತಿರಬೇಕು. ಬಾಗಿಲು ತೆರೆಯುವ ಮೊದಲು ಒಂದು ಎಣಿಕೆ, ನೆಲಕ್ಕೆ ಕಾಲಿಟ್ಟ ಮೇಲೆ ಇನ್ನೊಂದು.

ಹಡಗು ರದ್ದಾದರೆ ಅಥವಾ ಹೊರಡುವುದು 90 ನಿಮಿಷಕ್ಕಿಂತ ತಡವಾಗುವಂತಿದ್ದರೆ, ಯುರೋಪಿನ ನಿಯಮದ ಪ್ರಕಾರ ದುಡ್ಡು ವಾಪಸ್ ಇಲ್ಲವೇ ಬೇರೆ ಪ್ರಯಾಣ, ಎರಡರಲ್ಲಿ ಒಂದನ್ನು ಕೇಳಬಹುದು. ಆದರೆ ಕಾರಣ ಹವಾಮಾನವಾದರೆ ಹೋಟೆಲ್ ಖರ್ಚು ಕೊಡುವ ಹೊಣೆ ಕಂಪನಿಗೆ ಇಲ್ಲ. ವಿಮೆಯ ಬಗ್ಗೆ ಮೇಲೆ ಹೇಳಿದ್ದು ಇದಕ್ಕೇ.

ಜಾಗದಲ್ಲಿ ಪಾಠ ಹೇಗೆ

ಮೊದಲು ನಿಯಮ. ಗ್ರೀಸ್‌ನ ಪುರಾತತ್ವ ಸ್ಥಳಗಳಲ್ಲಿ ಗೈಡ್ ಕೆಲಸ ಮಾಡಲು ಪರವಾನಗಿ ಬೇಕು. ನೀವು ಅಧ್ಯಾಪಕರೇ ಆಗಿದ್ದರೂ ತಂಡವನ್ನು ನಿಲ್ಲಿಸಿಕೊಂಡು ಗಟ್ಟಿಯಾಗಿ ಪಾಠ ಮಾಡಿದರೆ ಕಾವಲುಗಾರರು ಬಂದು ಕೇಳಬಹುದು. ಅದಕ್ಕೇ ಆಯಾ ಪ್ರದೇಶದ ಪುರಾತತ್ವ ಕಚೇರಿಗೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಮುಂಚೆಯೇ ಬರೆದು ಅನುಮತಿ ಕೇಳಿ. ಡೆಲೊಸ್‌ಗೆ ಮತ್ತು ಕ್ರೀಟ್‌ನ ಹಳೆಯ ಅರಮನೆ ಕ್ನೊಸೊಸ್‌ಗೆ ಪರವಾನಗಿ ಇರುವ ಗೈಡ್ ತೆಗೆದುಕೊಳ್ಳುವುದೇ ವಾಸಿ. ನೀರಿನ ಪ್ರಶ್ನೆಯನ್ನು ಅವರಿಗೆ ಮೊದಲೇ ಕಳಿಸಿ. ಟಿಕೆಟ್ ದರ ವಯಸ್ಸಿನ ಮೇಲೆ, ಯಾವ ದೇಶದವರು ಅನ್ನುವುದರ ಮೇಲೆ ಬದಲಾಗುತ್ತದೆ. ಸರ್ಕಾರದ ಅಧಿಕೃತ ಟಿಕೆಟ್ ತಾಣದಲ್ಲೇ ನೋಡಿ ಕೊಳ್ಳಿ. ಕಾಲೇಜು ಗುರುತಿನ ಚೀಟಿ ಇಂಗ್ಲಿಷ್‌ನಲ್ಲಿರಲಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳ ಮೊದಲ ಭಾನುವಾರ, ಹಾಗೆಯೇ ಮೇ 18ರಂದು ಪ್ರವೇಶ ಉಚಿತ. ಮೇನಲ್ಲಿ ಹೋಗುವವರಿಗೆ ಇದು ಉಪಯೋಗಕ್ಕೆ ಬರುತ್ತದೆ.

ಪ್ರತಿ ಜಾಗಕ್ಕೆ ಒಂದೇ ಪುಟದ ಟಿಪ್ಪಣಿ. ಮೂರು ಭಾಗ: ನೀರು ಬಂದದ್ದು, ನಿಂತದ್ದು, ಹೋದದ್ದು. ಕೆಳಗೆ ಒಂದು ರೇಖಾಚಿತ್ರ. ಜಾಗದಲ್ಲೇ ಮುಗಿಸಬೇಕು, ರಾತ್ರಿ ಕೋಣೆಯಲ್ಲಿ ಕೂತು ಬರೆಯುವಂತಿಲ್ಲ.

ನಕ್ಸೊಸ್. ಬಂದರಿಗೆ ಬರುವಾಗಲೇ ‘ಪೊರ್ಟಾರಾ’ ಕಾಣುತ್ತದೆ. ಕ್ರಿಸ್ತಪೂರ್ವ 530ರ ಸುಮಾರಿಗೆ ಶುರುವಾಗಿ ಮುಗಿಯದೇ ಉಳಿದ ದೇವಾಲಯದ ಅಮೃತಶಿಲೆಯ ಬಾಗಿಲು ಅದು. ಎರಡನೆಯ ದಿನ ಬಸ್ ಮಾಡಿಕೊಂಡು ಫ್ಲೆರಿಯೊಗೆ ಹೋಗಿ. ಹಳೆಯ ಕಲ್ಲುಗಣಿಯ ಹತ್ತಿರ, ಕೆತ್ತುವಾಗಲೋ ಸಾಗಿಸುವಾಗಲೋ ಕಾಲು ಮುರಿದು ಅಲ್ಲೇ ಬಿಟ್ಟ ದೊಡ್ಡ ಮೂರ್ತಿಗಳು ಮರದ ನೆರಳಲ್ಲಿ ಮಲಗಿವೆ. ಅದೇ ಕಡೆಯ ಬುಗ್ಗೆಯಿಂದ ಸುಮಾರು 11 ಕಿಲೋಮೀಟರ್ ದೂರದ ಊರಿಗೆ ಮಣ್ಣಿನ ಕೊಳವೆಗಳಲ್ಲಿ ನೀರು ತಂದಿದ್ದರು, ಅದೂ ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ. ಕಲ್ಲು ಮತ್ತು ನೀರು ಎರಡೂ ಒಂದೇ ಕಣಿವೆಯಿಂದ ಇಳಿದವು. ಉತ್ತರದ ಅಪೊಲೊನಾಸ್‌ನಲ್ಲಿ ಗಣಿಯೊಳಗೇ ಬಿದ್ದಿರುವ ಮೂರ್ತಿ ಹತ್ತು ಮೀಟರ್‌ಗೂ ಉದ್ದ. ದಾರಿ ಸುತ್ತು ಬಳಸು, ಸಮಯ ಇದ್ದರೆ ಮಾತ್ರ ಹೋಗಿ.

ಡೆಲೊಸ್. ಇಡೀ ಪ್ರವಾಸದ ಜೀವ ಇರುವುದು ಇಲ್ಲಿ. ಮೂರೂವರೆ ಚದರ ಕಿಲೋಮೀಟರ್‌ನ ಆಸುಪಾಸಿನ ಪುಟ್ಟ ದ್ವೀಪ. ಅಪೊಲೊ ಹುಟ್ಟಿದ ಜಾಗ ಅಂತ ನಂಬಿಕೆ. ಕ್ರಿಸ್ತಪೂರ್ವ 426ರ ಚಳಿಗಾಲದಲ್ಲಿ ಅಥೆನ್ಸ್‌ನವರು ಇಲ್ಲಿನ ಗೋರಿಗಳನ್ನೆಲ್ಲ ತೆಗೆಸಿ, ಇನ್ನು ಮುಂದೆ ಇಲ್ಲಿ ಯಾರೂ ಹುಟ್ಟಬಾರದು, ಯಾರೂ ಸಾಯಬಾರದು ಅಂತ ಕಟ್ಟಳೆ ಮಾಡಿದರು. ಗರ್ಭಿಣಿಯರನ್ನೂ ಸಾಯುವವರನ್ನೂ ಎದುರಿನ ರೆನಿಯಾ ದ್ವೀಪಕ್ಕೆ ದಾಟಿಸುತ್ತಿದ್ದರು. ಆಮೇಲೆ ಕ್ರಿಸ್ತಪೂರ್ವ 167ರ ಸುಮಾರಿಗೆ ರೋಮನ್ನರು ಇದನ್ನು ಸುಂಕವಿಲ್ಲದ ಬಂದರು ಮಾಡಿದರು. ವ್ಯಾಪಾರಿಗಳು ಮುತ್ತಿಕೊಂಡರು. ಗುಲಾಮರ ಮಾರಾಟವೂ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಒಂದೇ ದಿನ ಹತ್ತು ಸಾವಿರ ಜನರನ್ನು ಇಳಿಸಿ ಮಾರಿ ಕಳಿಸುವ ಶಕ್ತಿ ಇಲ್ಲಿತ್ತು ಅಂತ ಪ್ರಾಚೀನ ಭೂಗೋಳ ಲೇಖಕ ಸ್ಟ್ರಾಬೊ ಬರೆದಿದ್ದಾನೆ. ಸುಂದರ ಕಂಬಗಳನ್ನು ತೋರಿಸುವಾಗ ಈ ಮಾತನ್ನು ಬಿಡಬೇಡಿ. ಕ್ರಿಸ್ತಪೂರ್ವ 88ರ ದಾಳಿ, 69ರ ಕಡಲ್ಗಳ್ಳರ ದಾಳಿಯ ನಂತರ ಊರು ಬಡವಾಯಿತು.

ಶ್ರೀಮಂತರ ಮನೆಗಳಿರುವ ಭಾಗಕ್ಕೆ ಮೊದಲು ಹೋಗಿ. ನಡುವೆ ಕಂಬಗಳ ಅಂಗಳ, ಅಂಗಳದ ನೆಲದಲ್ಲಿ ಬಣ್ಣದ ಕಲ್ಲಿನ ಚಿತ್ತಾರ, ಅದರ ಕೆಳಗೆ ಸಂಪು. ಮಾಡಿನಿಂದ ಬಿದ್ದ ಮಳೆ ನೀರು ಅಲ್ಲಿಗೆ ಇಳಿಯುತ್ತಿತ್ತು. ಚಿತ್ತಾರದ ಅಂದವನ್ನು ಎಲ್ಲರೂ ನೋಡುತ್ತಾರೆ. ನಿಮ್ಮ ತಂಡ ನೆಲದ ಇಳಿಜಾರು ನೋಡಲಿ. ಮುಂದೆ ರಂಗಮಂದಿರ. ಸುಮಾರು 5,500 ಜನ ಕೂರುವ ಕಲ್ಲಿನ ಮೆಟ್ಟಿಲುಗಳ ಮೇಲೆ ಬಿದ್ದ ಮಳೆಯನ್ನೂ ವ್ಯರ್ಥ ಮಾಡಿಲ್ಲ. ಅದೆಲ್ಲ ಪಕ್ಕದ ದೊಡ್ಡ ತೊಟ್ಟಿಗೆ ಹರಿಯುತ್ತಿತ್ತು. ತೊಟ್ಟಿಯ ಮೇಲಿನ ಕಲ್ಲಿನ ಕಮಾನುಗಳು ಇವತ್ತಿಗೂ ನಿಂತಿವೆ. ಇಲ್ಲಿ ಅರ್ಧ ಗಂಟೆ ಕೊಡಿ. ಮೆಟ್ಟಿಲುಗಳ ವಿಸ್ತೀರ್ಣ ಹೆಜ್ಜೆಯಲ್ಲಿ ಅಳೆದು, ಒಂದು ಒಳ್ಳೆಯ ಮಳೆಗೆ ಎಷ್ಟು ನೀರು ಬರಬಹುದು ಅಂತ ಲೆಕ್ಕ ಹಾಕಿಸಿ. ಸಿಂಹಗಳ ಸಾಲು ಆಮೇಲೆ. ಅವು ನಕ್ಸೊಸ್‌ನವರು ಕೊಟ್ಟ ಕಾಣಿಕೆ, ನಕ್ಸೊಸ್‌ನ ಕಲ್ಲು. ಮೂಲ ಸಿಂಹಗಳು ಮ್ಯೂಸಿಯಂನಲ್ಲಿವೆ, ಹೊರಗಿರುವುದು ಪ್ರತಿಕೃತಿ. ಅವುಗಳ ಎದುರಿನ ಪವಿತ್ರ ಕೊಳವನ್ನು ಮಲೇರಿಯಾ ಹೆದರಿಕೆಯಿಂದ 1920ರ ದಶಕದಲ್ಲಿ ಬರಿದು ಮಾಡಿದರು.

ದ್ವೀಪದಲ್ಲಿ ನೆರಳಿಲ್ಲ, ರಾತ್ರಿ ಉಳಿಯಲು ಬಿಡುವುದಿಲ್ಲ. ತಲೆಗೊಬ್ಬರಿಗೆ ಒಂದೂವರೆ ಲೀಟರ್ ನೀರು, ಟೋಪಿ, ಹಿಡಿತ ಇರುವ ಶೂ. ಕೊನೆಯ ದೋಣಿಯ ಸಮಯ ಎಲ್ಲರಿಗೂ ಬಾಯಿಪಾಠ ಆಗಿರಲಿ.

ಸ್ಯಾಂಟೊರಿನಿ. ಬಿಳಿ ಮನೆಗಳ ಫೋಟೊ ತೆಗೆಯಲು ಒಂದು ಸಂಜೆ ಸಾಕು. ತಂಡದ ಸಮಯ ಅಕ್ರೊತಿರಿಗೆ ಸಲ್ಲಬೇಕು. ಕ್ರಿಸ್ತಪೂರ್ವ 16 ಅಥವಾ 17ನೇ ಶತಮಾನದಲ್ಲಿ ಜ್ವಾಲಾಮುಖಿ ಸಿಡಿದು ಈ ಊರು ಬೂದಿಯಲ್ಲಿ ಹೂತುಹೋಯಿತು. ಕಾಲದ ಬಗ್ಗೆ ಇಂಗಾಲದ ಪರೀಕ್ಷೆಗೂ ಮಡಿಕೆಗಳ ಸಾಕ್ಷ್ಯಕ್ಕೂ ಇನ್ನೂ ಪೂರ್ತಿ ಹೊಂದಿಕೆ ಆಗಿಲ್ಲ. ಒಳ್ಳೆಯ ಚರ್ಚೆಯ ವಿಷಯ. ಸ್ಪಿರಿಡಾನ್ ಮರಿನಾಟೊಸ್ 1967ರಲ್ಲಿ ಇಲ್ಲಿ ಅಗೆತ ಶುರು ಮಾಡಿದರು. ಇಲ್ಲಿ ಮನುಷ್ಯರ ಶವಗಳು ಸಿಕ್ಕಿಲ್ಲ. ಮೊದಲ ಭೂಕಂಪಗಳಿಗೇ ಜನ ಊರು ಬಿಟ್ಟಿರಬೇಕು. ಕಲ್ಲು ಹಾಸಿದ ಬೀದಿಯ ಅಡಿಯಲ್ಲಿ ಚರಂಡಿ ಇದೆ. ‘ಪಶ್ಚಿಮದ ಮನೆ’ಯ ಮಹಡಿಯ ಶೌಚಾಲಯದಿಂದ ಗೋಡೆಯೊಳಗಿನ ಕೊಳವೆ ಆ ಚರಂಡಿಗೆ ಇಳಿಯುತ್ತದೆ. ಮೂರೂವರೆ ಸಾವಿರ ವರ್ಷಕ್ಕೂ ಹಿಂದಿನ ಮನೆಯಲ್ಲಿ! ಪೂರ್ತಿ ಜಾಗಕ್ಕೆ ಚಾವಣಿ ಇರುವುದರಿಂದ ಮಧ್ಯಾಹ್ನದ ಹೊತ್ತಿಗೆ ಇಟ್ಟುಕೊಂಡರೂ ಸರಿ.

ಫಿರಾ ಊರಿನ ಪ್ರಾಗೈತಿಹಾಸಿಕ ಮ್ಯೂಸಿಯಂನಲ್ಲಿ ಅಕ್ರೊತಿರಿಯ ನೀಲಿ ಕೋತಿಗಳ ಭಿತ್ತಿಚಿತ್ರ ಇದೆ. ಬಾಲ ಎತ್ತಿ ಬಾಗಿಸಿಕೊಂಡ ಭಂಗಿ ನೋಡಿ, ಅವು ಭಾರತ ಉಪಖಂಡದ ಮುಸುವಗಳು ಅಂತ ಕೆಲವು ಕೋತಿ ತಜ್ಞರೂ ಪುರಾತತ್ವದವರೂ ಸೇರಿ ಹೇಳಿದ್ದಾರೆ. ಎಲ್ಲರೂ ಒಪ್ಪಿಲ್ಲ, ಆಫ್ರಿಕದ ಕೋತಿಗಳು ಅನ್ನುವವರೂ ಇದ್ದಾರೆ. ಮುಸುವ ನೋಡಿ ಬೆಳೆದ ನಮ್ಮ ವಿದ್ಯಾರ್ಥಿಗಳು ಚಿತ್ರದ ಮುಂದೆ ನಿಂತು ಬಾಲ, ಮುಖ, ಕೈಕಾಲು ಬರೆದುಕೊಂಡು ತಮ್ಮ ಅಭಿಪ್ರಾಯ ಹೇಳಲಿ.

ಅಲ್ಲಿನ ದ್ರಾಕ್ಷಿ ಬಳ್ಳಿಗಳನ್ನೂ ನೋಡಿ. ಚಪ್ಪರ ಇಲ್ಲ. ಬಳ್ಳಿಯನ್ನು ಬುಟ್ಟಿಯ ಆಕಾರಕ್ಕೆ ಸುತ್ತಿ ನೆಲದ ಮೇಲೇ ಬೆಳೆಸುತ್ತಾರೆ. ಹಣ್ಣಿಗೆ ಗಾಳಿ ತಾಗುವುದಿಲ್ಲ. ಬೂದಿಯ ನೆಲ ಮಂಜಿನ ತೇವವನ್ನು ಹೀರಿ ಇಟ್ಟುಕೊಳ್ಳುತ್ತದೆ. ಅದೂ ನೀರಿನ ಕಥೆಯೇ.

ಕ್ನೊಸೊಸ್ ಮತ್ತು ಹೆರಾಕ್ಲಿಯೊನ್ ಮ್ಯೂಸಿಯಂ. ಕ್ನೊಸೊಸ್, ಫೈಸ್ಟೊಸ್ ಸೇರಿ ಮಿನೋವನ್ ನಾಗರಿಕತೆಯ (ಕ್ರೀಟ್‌ನ ಕಂಚಿನ ಯುಗದ್ದು) ಆರು ಅರಮನೆ ಕೇಂದ್ರಗಳು 2025ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಕ್ನೊಸೊಸ್‌ನಲ್ಲಿ ಒಂದಕ್ಕೊಂದು ಕೂಡಿಸಿದ ಮಣ್ಣಿನ ಕೊಳವೆಗಳನ್ನೂ ಕಲ್ಲಿನ ಚರಂಡಿಗಳನ್ನೂ ಹುಡುಕಿಸಿ. ಜೊತೆಗೆ ಇನ್ನೊಂದು ಕೆಲಸ ಕೊಡಿ: ಯಾವುದು ಹಳೆಯದು, ಯಾವುದು ಆರ್ಥರ್ ಇವಾನ್ಸ್ ಹಾಕಿಸಿದ ಕಾಂಕ್ರೀಟು? 1900ರಲ್ಲಿ ಅಗೆಯಲು ಶುರು ಮಾಡಿದ ಅವರು ಅರಮನೆಯನ್ನು ತಮ್ಮ ಕಲ್ಪನೆಯಂತೆ ಮತ್ತೆ ಕಟ್ಟಿಸಿದರು. ಕೇಸರಿ ಹೂ ಕೀಳುವ ಹುಡುಗ ಅಂತ ಅವರ ಕಾಲದಲ್ಲಿ ಜೋಡಿಸಿದ್ದ ಭಿತ್ತಿಚಿತ್ರ ಆಮೇಲೆ ನೋಡಿದರೆ ನೀಲಿ ಕೋತಿಯದು! ಆ ಚಿತ್ರ ಹೆರಾಕ್ಲಿಯೊನ್ ಮ್ಯೂಸಿಯಂನಲ್ಲಿದೆ. ಸ್ಯಾಂಟೊರಿನಿಯ ಕೋತಿಗಳನ್ನು ಆಗಲೇ ನೋಡಿರುವುದರಿಂದ ಮಕ್ಕಳೇ ಗುರುತು ಹಿಡಿಯುತ್ತಾರೆ.

ಊಟ, ನೀರು, ವಿಶ್ರಾಂತಿ

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಸ್ಯಾಂಟೊರಿನಿಯ ಫಾವಾ ನಮ್ಮ ಗಟ್ಟಿ ತೊವ್ವೆಯ ಹಾಗೇ ಇರುತ್ತದೆ. ದೊಡ್ಡ ಬಿಳಿ ಕಾಳಿನ ಗಿಗಾಂತೆಸ್, ತರಕಾರಿ ಬೇಯಿಸಿದ ಬ್ರಿಯಾಮ್, ಬೇಯಿಸಿದ ಸೊಪ್ಪು ಹೋರ್ತಾ, ಪಾಲಕ್ ತುಂಬಿದ ಸ್ಪನಕೋಪಿತಾ ಬಹಳ ಕಡೆ ಸಿಗುತ್ತವೆ. ಟೊಮೆಟೊ ಒಳಗೆ ಅನ್ನ ತುಂಬಿದ ಗೆಮಿಸ್ತಾದಲ್ಲಿ ಕೆಲವು ಕಡೆ ಮಾಂಸ ಇರುತ್ತದೆ, ಕೇಳಿ ತಿನ್ನಿ. ‘ಹೊರೀಸ್ ಕ್ರೇಯಸ್’ ಅಂದರೆ ಮಾಂಸ ಬೇಡ, ‘ಹೊರೀಸ್ ಪ್ಸಾರಿ’ ಅಂದರೆ ಮೀನು ಬೇಡ. ‘ನಿಸ್ತೀಸಿಮೊ’ ಅಂದರೆ ಉಪವಾಸದ ಅಡುಗೆ. ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ, ಆದರೆ ಸಿಗಡಿಯಂಥದ್ದು ಇರಬಹುದು. ಅಡುಗೆಮನೆ ಇರುವ ಕೋಣೆ ಸಿಕ್ಕರೆ ಬೆಳಗಿನ ತಿಂಡಿ ನೀವೇ ಮಾಡಿಕೊಳ್ಳಿ.

ಸ್ಯಾಂಟೊರಿನಿಯಂಥ ಕಡೆ ನಲ್ಲಿ ನೀರು ಕುಡಿಯಬೇಡಿ, ಸ್ನಾನದ ನೀರನ್ನೂ ಮಿತವಾಗಿ ಬಳಸಿ. ನೀರಿನ ಬಗ್ಗೆ ಓದಲು ಬಂದವರು ಬಕೆಟ್‌ಗಟ್ಟಲೆ ಚೆಲ್ಲುವುದು ಸರಿಯಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನ ಮೂರರಿಂದ ಐದೂವರೆವರೆಗೆ ಅಲ್ಲಿ ಗದ್ದಲ ಮಾಡಬಾರದ ಹೊತ್ತು. ಬೆಳಿಗ್ಗೆ ಬೇಗ ಹೊರಟು, ಆ ಹೊತ್ತಿಗೆ ಕೋಣೆಗೆ ಬಂದು ಮಲಗಿ, ಸಂಜೆ ಚರ್ಚೆಗೆ ಕೂರುವುದು ಒಳ್ಳೆಯ ಕ್ರಮ.

ಸುರಕ್ಷತೆ

ತುರ್ತಿಗೆ 112. ಆಂಬುಲೆನ್ಸ್ 166, ಕರಾವಳಿ ಕಾವಲು ಪಡೆ 108. ಕಾಡ್ಗಿಚ್ಚು, ಭೂಕಂಪದ ಎಚ್ಚರಿಕೆ 112ರ ಮೂಲಕ ನೇರ ಮೊಬೈಲ್‌ಗೆ ಬರುತ್ತದೆ. ಅದನ್ನು ಆಫ್ ಮಾಡಿಟ್ಟುಕೊಳ್ಳಬೇಡಿ. 2025ರ ಜನವರಿ ಕೊನೆಯಿಂದ ಸ್ಯಾಂಟೊರಿನಿ ಸುತ್ತ ಸಾಲು ಸಾಲು ಭೂಕಂಪಗಳಾಗಿ ಸಾವಿರಾರು ಜನ ದ್ವೀಪ ಬಿಟ್ಟಿದ್ದರು. 2023ರ ಜುಲೈನಲ್ಲಿ ರೋಡ್ಸ್‌ನಲ್ಲಿ ಕಾಡ್ಗಿಚ್ಚಿನಿಂದ ಸಾವಿರಾರು ಜನರನ್ನು ಸಾಗಿಸಬೇಕಾಯಿತು. ಹೊರಡುವ ವಾರ ಸುದ್ದಿ ನೋಡಿ, ಒಂದು ದ್ವೀಪ ಕೈಬಿಟ್ಟರೆ ಬದಲಿಗೆ ಎಲ್ಲಿಗೆ ಅಂತ ಮೊದಲೇ ಇಟ್ಟುಕೊಳ್ಳಿ. ಅಥೆನ್ಸ್‌ಗೆ ಹತ್ತಿರದ ಏಜಿನಾ ಒಳ್ಳೆಯ ಬದಲಿ. ಅಲ್ಲಿ ಅಫೈಯಾ ದೇವಾಲಯ ಇದೆ, ಪಿರೇಯಸ್‌ನಿಂದ ಬೆಳಿಗ್ಗೆ ಹೋಗಿ ಸಂಜೆ ಬರಬಹುದು.

ಕೊಡೀನ್ ಇರುವ ಔಷಧಿಗಳಿಗೆ ಗ್ರೀಸ್‌ನಲ್ಲಿ ನಿರ್ಬಂಧ ಇದೆ. ಯಾವ ಮಾತ್ರೆಗಾದರೂ ವೈದ್ಯರ ಚೀಟಿ ಜೊತೆಗಿರಲಿ. ಪುರಾತತ್ವ ಸ್ಥಳದಿಂದ ಮಡಿಕೆ ಚೂರಾಗಲಿ, ಅಮೃತಶಿಲೆಯ ತುಣುಕಾಗಲಿ ಎತ್ತಿಕೊಂಡು ಬರುವುದು ಅಪರಾಧ. ನೆನಪಿಗೆ ಅಂತ ಒಂದು ಸಣ್ಣ ಚೂರು ಜೇಬಿಗೆ ಹಾಕಿಕೊಂಡರೂ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳಬಹುದು. ಇದನ್ನು ಪ್ರತಿ ಜಾಗದಲ್ಲೂ ಒಳಗೆ ಹೋಗುವ ಮೊದಲು ಹೇಳಿ.

ಕೊನೆಯ ದಿನ ಮತ್ತು ಬಂದ ಮೇಲೆ

ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂ ಅನ್ನು ಕೊನೆಗೇ ಇಟ್ಟುಕೊಳ್ಳಿ. ಅಕ್ರೊತಿರಿಯ ವಸಂತದ ಚಿತ್ರ, ಮುಷ್ಟಿಯುದ್ಧದಲ್ಲಿ ಗುದ್ದಾಡುವ ಹುಡುಗರ ಚಿತ್ರ ಅಲ್ಲಿವೆ. ಊರು ನೋಡಿದ ಮೇಲೆ ಇವನ್ನು ನೋಡಿದರೆ, ಯಾವ ಮನೆಯ ಯಾವ ಗೋಡೆ ಅಂತ ಮಕ್ಕಳು ಕೇಳುತ್ತಾರೆ.

ಅದೇ ಸಂಜೆ ಹೋಟೆಲ್‌ನಲ್ಲಿ ಕೂತು ಲೆಕ್ಕ ಮುಗಿಸಿ, ರಸೀದಿಗಳನ್ನು ದಿನದ ಪ್ರಕಾರ ಜೋಡಿಸಿ. ವರದಿಯನ್ನು ಊರಿಗೆ ಬಂದ ಎರಡು ವಾರದೊಳಗೆ ತೆಗೆದುಕೊಳ್ಳಿ. ತಡವಾದರೆ ಪರೀಕ್ಷೆ ಬರುತ್ತದೆ, ಟಿಪ್ಪಣಿ ಪುಸ್ತಕ ಕಪಾಟು ಸೇರುತ್ತದೆ. ಪ್ರತಿ ಗುಂಪೂ ಒಂದೇ ತೊಟ್ಟಿ, ಒಂದೇ ಕೊಳವೆ ಅಥವಾ ಒಂದೇ ಚರಂಡಿಯ ಬಗ್ಗೆ ಕನ್ನಡದಲ್ಲಿ ಬರೆಯಲಿ. ಚಿತ್ರದುರ್ಗದಲ್ಲಿ ಮಾಡಿದ ನಕ್ಷೆಯನ್ನೂ ಜೊತೆಗೆ ಲಗತ್ತಿಸಲಿ. ಈ ವರದಿಗಳ ಒಂದು ಪ್ರತಿಯನ್ನು ವಿಭಾಗದಲ್ಲಿ ಇಟ್ಟರೆ ಮುಂದಿನ ತಂಡದ ವೀಸಾ ಅರ್ಜಿಗೂ ಲಗತ್ತಿಸಬಹುದು.